ಬೊಡ್ಚಿ ಅಂದರೆ ಏನಾಗುತ್ತದೆ?



ಕಾರ್ಕಳದ ಕಡೆಯ ಕೋರೆಗಳಲ್ಲಿ ಆಯುಷ್ಯವಿಡೀ ಕಲ್ಲು ಒಡೆದ ನಮ್ಮವರೇ ಒಬ್ಬ ಹಿರಿಯರು ಇದ್ದಾರೆ. ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು ಮಾತ್ರೆ ತರುತ್ತಾರೆ. ಒಂದು ಸಲ ಅಲ್ಲಿ ಅವರ ಕೈಗೆ ಹನ್ನೊಂದು ಪುಟದ ಕಾಗದ ಕೊಟ್ಟು, ‘ಹೊಸ ಮಾತ್ರೆಯೊಂದರ ಪ್ರಯೋಗ ನಡೀತಾ ಉಂಟು, ಮನೆಗೆ ಒಯ್ದು ಓದಿಸಿಕೊಂಡು ಬನ್ನಿ’ ಅಂದರು. ಕೇರಿಯಲ್ಲಿ ಡಿಗ್ರಿ ಮುಗಿಸಿದವರು ಅಂತ ಇರುವುದು ನಾವು ಎರಡು ಮೂರು ಜನ. ಓದಲು ಕೂತೆವು.

ಕನ್ನಡವೇ. ಆದರೆ ನಮಗೇ ನುಂಗಲಾಗದ ಕನ್ನಡ. ‘ಯಾದೃಚ್ಛಿಕ ಹಂಚಿಕೆ’ ಅಂದರೆ ಚೀಟಿ ಎತ್ತಿದ ಹಾಗೆ, ಯಾರಿಗೆ ಹೊಸ ಮಾತ್ರೆ ಯಾರಿಗೆ ಹಳೆಯದು ಅಂತ ಅದೃಷ್ಟದ ಮೇಲೆ ಬಿಡುವುದು ಎಂದು ನಮಗೆ ಹೊಳೆಯಲು ಬಹಳ ಹೊತ್ತು ಬೇಕಾಯಿತು. ‘ಪ್ರತಿಕೂಲ ಘಟನೆ ಅಂದರೆ ಎಂತದು?’ ಅಂತ ಅವರು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ವಾಂತಿಯಿಂದ ಹಿಡಿದು ಸಾವಿನ ತನಕ ಎಲ್ಲ ಆ ಎರಡು ಶಬ್ದಗಳೊಳಗೆ ಮಡಚಿ ಇಟ್ಟಿದ್ದರು. ಎಲ್ಲ ಕೇಳಿಯಾದ ಮೇಲೆ ಅವರು ತುಳುವಿನಲ್ಲಿ ಒಂದೇ ಪ್ರಶ್ನೆ ಹಾಕಿದರು: ‘ಬೊಡ್ಚಿ ಪಂಡ್ಂಡ ದಾನೆ ಆಪುಂಡು?’ ಬೇಡ ಅಂದರೆ ಏನಾಗುತ್ತದೆ?

ಅದಕ್ಕೆ ಉತ್ತರ ಕಾಗದದಲ್ಲೇ ಇತ್ತು. ಒಪ್ಪದಿದ್ದರೂ ನಿಮ್ಮ ಈಗಿನ ಚಿಕಿತ್ಸೆಗೆ ಯಾವ ಬಾಧೆಯೂ ಇಲ್ಲ ಎಂದು ಅಚ್ಚಾಗಿತ್ತು. ಓದಿ ಹೇಳಿದೆವು. ಅವರು ನಕ್ಕರು. ‘ಧಣಿಗಳ ಹತ್ತಿರ ಬೊಡ್ಚಿ ಅಂದು ನೋಡಿದ್ದೀರಾ ನೀವು?’

ಈ ಬರಹ ಆ ನಗುವಿನಿಂದ ಹುಟ್ಟಿದ್ದು. ಮನುಷ್ಯರ ಮೈಮೇಲೆ ಔಷಧಿ ಪ್ರಯೋಗ ಮಾಡುವುದು ಸರಿಯೇ ಎಂಬ ಪ್ರಶ್ನೆಗೆ ಪಂಡಿತರ ಬಳಿ ಉತ್ತರ ತಯಾರಿದೆ. ಹಿಟ್ಲರನ ಶಿಬಿರಗಳಲ್ಲಿ ಕೈದಿಗಳನ್ನು ಕೊಯ್ದು ಕೊಂದ ವೈದ್ಯರ ವಿಚಾರಣೆಯಾಗಿ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಮೊದಲ ಮಾತೇ ಸ್ವಇಚ್ಛೆಯ ಒಪ್ಪಿಗೆ. 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂತು. ಒಪ್ಪಿಗೆ ಇದ್ದರೆ, ಅಪಾಯಕ್ಕಿಂತ ಲಾಭ ಹೆಚ್ಚಿದ್ದರೆ, ಪ್ರಯೋಗ ನಡೆಯಬಹುದು. ನಮಗೂ ಇದರಲ್ಲಿ ತಕರಾರಿಲ್ಲ. ಆದರೆ ಈ ಉತ್ತರ ಬೇಡ ಅನ್ನಬಲ್ಲ ಮನುಷ್ಯನನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು. ನಮ್ಮ ಊರುಗಳಲ್ಲಿ ಆ ಮನುಷ್ಯ ಎಷ್ಟು ಜನ ಇದ್ದಾರೆ ಹೇಳಿ ನೋಡೋಣ.

ಉಡುಪಿಯಿಂದ ಕಾಪುವಿಗೆ, ಕಾಪುವಿನಿಂದ ಕಾರ್ಕಳಕ್ಕೆ ಒಂದು ಸುತ್ತು ಹಾಕಿದರೆ ಸಾಕು. ಮೈಮೇಲಿನ ಪ್ರಯೋಗಕ್ಕೆ ಇಲ್ಲಿ ಯಾವ ಕಂಪನಿಯೂ ಬರಬೇಕಾಗಿರಲಿಲ್ಲ. ಅದು ಇಲ್ಲಿ ಪದ್ಧತಿಯಾಗಿ ಇತ್ತು. ಅದಕ್ಕೆ ಅಜಲು ಅಂತ ಹೆಸರು. ಉಳ್ಳವರ ಮನೆಯಲ್ಲಿ ಬಸುರಿಗೆ ಕೇಡು ತಟ್ಟಬಾರದು, ಮಗುವಿನ ಕಾಯಿಲೆ ಕಳೆಯಬೇಕು ಅಂತ ಇದ್ದಾಗ, ಅನ್ನಕ್ಕೆ ಕೂದಲು, ಉಗುರು ಕಲಸಿ ಕೊರಗರಿಗೆ ಉಣ್ಣಲು ಕೊಡುತ್ತಿದ್ದರು. ರೋಗ ಆ ತುತ್ತಿನ ಜೊತೆ ಕೊರಗನ ಹೊಟ್ಟೆಗೆ ಹೋಗಬೇಕು. ಕಂಬಳದ ಹಿಂದಿನ ರಾತ್ರಿ ಪನಿಕುಲ್ಲುನಿ. ಪನಿ ಅಂದರೆ ಮಂಜು, ಕುಲ್ಲುನಿ ಅಂದರೆ ಕೂರುವುದು. ಮಂಜಿನಲ್ಲಿ ಕೂತು ರಾತ್ರಿಯಿಡೀ ಡೋಲು ಬಡಿಯಬೇಕು. ಆಮೇಲೆ ಕೋಣಗಳು ಇಳಿಯುವ ಮೊದಲು ಆ ಕೆಸರುಗದ್ದೆಯಲ್ಲಿ ಕೋಣಗಳ ಹಾಗೆ ಓಡಬೇಕು. ಕೆಸರೊಳಗೆ ಗಾಜು ಮುಳ್ಳು ಇದ್ದರೆ ಮೊದಲು ಇವನ ಕಾಲಿಗೆ ನೆಡಲಿ ಎಂಬ ಲೆಕ್ಕಾಚಾರ.

ಇದು ನಾವು ಕಟ್ಟಿ ಹೇಳುತ್ತಿರುವ ಕತೆಯಲ್ಲ. ಕರ್ನಾಟಕದ ಶಾಸನಸಭೆ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ಮಾಡಿತು. ಅಜಲು ಅಂದರೆ ಏನು ಎಂದು ಅದು ವಿವರಿಸುವಾಗ ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಕೀಳಾಗಿ ಕಾಣುವುದು, ಇವುಗಳ ಜೊತೆಗೆ ಕೂದಲು ಉಗುರು ಬೆರೆಸಿದ ಅನ್ನವನ್ನೂ, ಕಂಬಳಕ್ಕೆ ಮೊದಲು ಕೋಣದಂತೆ ಓಡಿಸುವುದನ್ನೂ ಹೆಸರಿಸಿ ಬರೆದಿದೆ. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೂ ಕಾಯಿದೆ ಬೇಕಾಯಿತು ಅಂದರೆ ಯೋಚಿಸಿ.

ಔಷಧಿ ಶಾಸ್ತ್ರದಲ್ಲಿ ಒಂದು ಸರದಿ ಇದೆ. ಮೊದಲು ಇಲಿ, ಮೊಲ, ನಾಯಿ. ಅಲ್ಲಿ ಪಾಸಾದರೆ ಮನುಷ್ಯ. ನಮ್ಮ ಊರಿನ ಶಾಸ್ತ್ರದಲ್ಲಿ ಸರದಿ ತಿರುಗಾ ಮುರುಗಾ. ಮೊದಲು ಮನುಷ್ಯ, ಅವನ ಕಾಲು ನೆಟ್ಟಗೆ ಬಂದರೆ ಆಮೇಲೆ ಕೋಣ. ಕೋಣಗಳಿಗೆ ನೋವಾಗುತ್ತದೆಯೇ ಅಂತ 2014ರಿಂದ 2023ರವರೆಗೆ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ಮಾಡಲಿ, ಕೋಣಕ್ಕೂ ನೋವಿದೆ. ಕೋಣದ ಮುಂದೆ ಓಡಿದವನ ನೋವಿನ ಬಗ್ಗೆ ಅಷ್ಟು ವರ್ಷ ಯಾವ ಕಟಕಟೆಯಲ್ಲಿ ಯಾರು ವಾದ ಮಾಡಿದರು?

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಕೊರಗರ ಬಗ್ಗೆ ಬರೆಯುವಾಗ ನಮ್ಮ ಕೈಯೂ ತೊಳೆದ ಕೈಯಲ್ಲ. ಅವರನ್ನು ಅಂಗಳದಾಚೆ ನಿಲ್ಲಿಸಿದವರಲ್ಲಿ ನಮ್ಮ ಕೇರಿಯವರೂ ಇದ್ದಾರೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ತುಳಿಸಿಕೊಂಡವನ ಕಾಲಿಗೂ ತುಳಿಯಲು ಇನ್ನೊಬ್ಬ ಸಿಗುತ್ತಾನೆ.

ಈಗ ಒಪ್ಪಿಗೆಯ ವಿಚಾರ. ಅಜಲಿಗೆ ಒಪ್ಪಿಗೆ ಇರಲಿಲ್ಲ ಅಂತ ತಿಳಿಯಬೇಡಿ. ಕೊರಗ ತಾನಾಗಿ ಬಂದ, ಡೋಲು ಬಡಿದ, ಕೊಟ್ಟದ್ದು ಉಂಡ, ಅಕ್ಕಿ ತೆಂಗಿನಕಾಯಿ ಕಟ್ಟಿಕೊಂಡು ಹೋದ. ಯಾರೂ ಹಗ್ಗ ಕಟ್ಟಿ ಎಳೆದು ತರಲಿಲ್ಲ. ಅವರಿಗೂ ಅದರಲ್ಲಿ ನಂಬಿಕೆ ಇತ್ತು ಮಾರಾಯ್ರೆ, ಅಂತ ಹೇಳುವವರು ಇವತ್ತೂ ಸಿಗುತ್ತಾರೆ. ಮಡೆಸ್ನಾನದ ಬಗ್ಗೆಯೂ ಅದೇ ವಾದ. ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆ ಎಂಬ ಹರಕೆ. ಕುಕ್ಕೆಯಲ್ಲಿ ಹೆಸರಾದದ್ದು, ಉಡುಪಿಯ ಕೃಷ್ಣಮಠದಲ್ಲೂ ಇತ್ತು. ‘ಭಕ್ತರ ಸ್ವಇಚ್ಛೆ, ಯಾರ ಒತ್ತಾಯವೂ ಇಲ್ಲ’ ಎಂದು ಎಷ್ಟು ವೇದಿಕೆಗಳಿಂದ ಹೇಳಿದರು! 2014ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2018ರ ಡಿಸೆಂಬರಿನಲ್ಲಿ ಉಡುಪಿ ಮಠದಲ್ಲಿ ಮಡೆಸ್ನಾನವನ್ನೂ, ಅದರ ತಮ್ಮನಾದ ಎಡೆಸ್ನಾನವನ್ನೂ ನಿಲ್ಲಿಸಿದರು. 2017ರ ಮೌಢ್ಯವಿರೋಧಿ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಸ್ವಇಚ್ಛೆ ಎಂಬ ಶಬ್ದ ಮಾತ್ರ ಎಲ್ಲಿಗೂ ಹೋಗಿಲ್ಲ. ಈಗ ಅದು ಆಸ್ಪತ್ರೆಯ ಕಾಗದದ ಕೊನೆಯ ಪುಟದಲ್ಲಿ, ಹೆಬ್ಬೆಟ್ಟಿನ ಜಾಗದ ಮೇಲೆ ಕೂತಿದೆ.

ಹಾಗಾದರೆ ಹೊಸ ಮಾತ್ರೆಯ ಪ್ರಯೋಗವೂ ಒಂದು ಅಜಲೇ? ನಮ್ಮಲ್ಲಿ ಕೆಲವು ಗೆಳೆಯರು ಹೌದು ಅನ್ನುತ್ತಾರೆ. ಬಂಡವಾಳಶಾಹಿ ಕಂಪನಿ, ಮೇಲ್ಜಾತಿ ಡಾಕ್ಟರು, ನಮ್ಮ ಮೈ. ಇನ್ನೇನು ಬೇಕು, ಆ ಕಾಗದಕ್ಕೆ ಬೆಂಕಿ ಇಡಿ ಅಂತ. ಹೀಗೆ ಅನ್ನುವುದು ಸುಲಭ. ನಮಗೂ ಒಂದು ರಾತ್ರಿ ಹಾಗೇ ಅನ್ನಿಸಿತ್ತು. ಆದರೆ ಅದು ಪೂರ್ತಿ ನಿಜವಲ್ಲ.

ಅಜಲಿನ ಅನ್ನ ತಿನ್ನಿಸಿದವರು ಯಾವತ್ತಾದರೂ ತಿರುಗಿ ನೋಡಿದ್ದುಂಟೇ? ಆ ಮನೆಯ ಬಸುರಿಗೆ ಸುಖಪ್ರಸವ ಆಯಿತೋ ಇಲ್ಲವೋ, ಉಣ್ಣಿಸದ ಮನೆಯ ಬಸುರಿಗೆ ಏನಾಯಿತು, ಲೆಕ್ಕ ಇಟ್ಟವರು ಯಾರು? ತಲೆತಲಾಂತರ ನಡೆದ ಪ್ರಯೋಗ, ಒಂದು ಸಲವೂ ಫಲಿತಾಂಶ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಯಾಕೆಂದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಇರಲಿಲ್ಲ. ವಿಜ್ಞಾನ ಇಲ್ಲಿ ಬೇರೆ. ಚೆನ್ನಾಗಿ ಮಾಡಿದ ಪ್ರಯೋಗ ತಾನು ಸುಳ್ಳಾಗಲೂ ತಯಾರಾಗಿ ಬಂದಿರುತ್ತದೆ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಬಿ.ಸಿ.ಜಿ. ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು. ಕ್ಷಯವನ್ನು ಅದು ತಡೆಯುತ್ತದೆ ಅಂತ ಜಗತ್ತೇ ನಂಬಿತ್ತು. 1979ರಲ್ಲಿ ಬಂದ ಉತ್ತರ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಇದರಿಂದ ರಕ್ಷಣೆ ಕಾಣಲಿಲ್ಲ ಎಂದು. ತಮಗೇ ಬೇಡವಾದ ಉತ್ತರವನ್ನು ಅಚ್ಚು ಹಾಕಿಸಿದರು. ಯಾವ ಪುರೋಹಿತ ಹೀಗೆ ಮಾಡಿದ್ದಾನೆ?

ಅದಕ್ಕಿಂತ ನಮಗೆ ಹತ್ತಿರದ್ದು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದ ಕೆಲಸ. ಆಗ ಕ್ಷಯಕ್ಕೆ ಸ್ಯಾನಿಟೋರಿಯಂ ಬೇಕು, ಹಾಸಿಗೆ ಬೇಕು, ಹಾಲು ಮೊಟ್ಟೆ ಬೇಕು, ವರ್ಷಗಟ್ಟಲೆ ವಿಶ್ರಾಂತಿ ಬೇಕು ಅಂತ ಇತ್ತು. ಅಂದರೆ ಬಡವನಿಗೆ ಸಾವು ಅಂತ ಅರ್ಥ. ಅಲ್ಲಿ 193 ಬಡ ರೋಗಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನರನ್ನು ಸ್ಯಾನಿಟೋರಿಯಮ್ಮಿಗೆ ಕಳಿಸಿದರು. ಉಳಿದವರಿಗೆ ಅವರ ಇಕ್ಕಟ್ಟು ಮನೆಯಲ್ಲೇ, ಅವರ ಅರೆಹೊಟ್ಟೆಯ ಊಟದಲ್ಲೇ, ಒಂದು ವರ್ಷ ಅದೇ ಮಾತ್ರೆ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ವಾಸಿಯಾಗಿದ್ದರು. ಮನೆಮಂದಿಗೆ ಅದರಿಂದ ರೋಗ ಹೆಚ್ಚಾಗಿ ಹರಡಿರಲೂ ಇಲ್ಲ. ಇವತ್ತು ಕಾಪುವಿನ ಮೀನುಗಾರ ಹೆಂಗಸು ಕ್ಷಯ ಬಂದರೂ ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗಿ ಬದುಕುತ್ತಾಳಲ್ಲ, ಅದರ ಹಿಂದೆ ಆ 193 ಜನರ ಮೈ ಇದೆ. ಬಡವರ ಮೈಮೇಲೆ ಮಾಡಿದ ಪ್ರಯೋಗ, ಸರಿ. ಆದರೆ ಕೇಳಿದ ಪ್ರಶ್ನೆ ಬಡವರದು. ಹಾಸಿಗೆ ಇಲ್ಲದೆ ನಾನು ಬದುಕುತ್ತೇನಾ?

ನಮ್ಮ ತುಮಕೂರಿನದ್ದೂ ಒಂದು ಇದೆ. ಹಳ್ಳಿಯವರಿಗೆ ಬುದ್ಧಿಯಿಲ್ಲ, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ ಬೈಯುತ್ತಿದ್ದ ಕಾಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಮನೆಮನೆ ಕೇಳಿ 1963ರಲ್ಲಿ ಪ್ರಕಟಿಸಿದರು. ರೋಗಿಗಳಿಗೆ ತಮ್ಮ ರೋಗದ ಅರಿವಿತ್ತು, ಅರ್ಧದಷ್ಟು ಜನ ಆಸ್ಪತ್ರೆಗೆ ಹೋಗಿಯೂ ಇದ್ದರು, ಅಲ್ಲಿ ಕೆಮ್ಮಿನ ನೀರು ಕೊಟ್ಟು ಕಳಿಸಿದ್ದರು. ಇದನ್ನು ಮೇಷ್ಟ್ರುಗಳು ಪಾಠದಲ್ಲಿ ಹೇಳಬೇಕು.

ಕಾಪುವಿನ ಮಾರಿಗುಡಿಗಳಿಗೆ ಸುಗ್ಗಿ ಮಾರಿಪೂಜೆಯ ದಿನ ಹೋಗಿ ನೋಡಿ. ಎಷ್ಟು ಜನ, ಎಷ್ಟು ಕೋಳಿ! ಮಾರಿ ಅಂದರೆ ನಮ್ಮಜ್ಜಿಯರ ಬಾಯಲ್ಲಿ ಸಿಡುಬು. ಆಟಿ ತಿಂಗಳಲ್ಲಿ ಕಳೆಂಜ ವೇಷ ಹಾಕಿ ಮನೆಮನೆಯ ಮಾರಿಯನ್ನು ಹೊತ್ತುಕೊಂಡು ಹೋಗುವವರು ನಲಿಕೆಯವರು. ಅಲ್ಲೂ ರೋಗ ಹೊರುವ ಹೆಗಲು ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಆ ಸಿಡುಬು ಈಗ ಇಲ್ಲ. 1975ರಲ್ಲಿ ಭಾರತದಲ್ಲಿ ಕೊನೆಯದಾಗಿ ಕಂಡಿತು. ಅದನ್ನು ಓಡಿಸಿದ್ದು ಕೋಳಿಯಲ್ಲ, ಲಸಿಕೆ. ಈ ದೇಶದಲ್ಲಿ ಮೊದಲ ಲಸಿಕೆ ಫಲಿಸಿದ್ದು 1802ರ ಜೂನ್ 14ರಂದು ಮುಂಬಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ಮೇಲೆ. ಆಗ ಫ್ರಿಜ್ಜಿಲ್ಲ, ಬಾಟಲಿಯಿಲ್ಲ. ಆ ಮಗುವಿನ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ. ಲಸಿಕೆ ದೇಶದ ತುಂಬ ನಡೆದದ್ದು ಹೀಗೆ, ಮಕ್ಕಳ ತೋಳಿನ ಮೇಲೆ. 1805ರ ಸುಮಾರಿಗೆ ಮೈಸೂರಿನ ರಾಣಿಯರ ಒಂದು ತೈಲಚಿತ್ರ ಬರೆಸಿದರು. ಲಸಿಕೆ ಹಾಕಿಸಿಕೊಂಡ ತೋಳನ್ನು ರಾಣಿ ತೋರಿಸುತ್ತಿದ್ದಾಳೆ ಎಂದು ಚರಿತ್ರಕಾರರು ಅದನ್ನು ಓದುತ್ತಾರೆ. ರಾಣಿಯ ತನಕ ಲಸಿಕೆ ಹೊತ್ತು ತಂದ ಮಕ್ಕಳ ಚಿತ್ರ ಯಾರೂ ಬರೆಯಲಿಲ್ಲ. ಹಾಗಂತ ಆ ಲಸಿಕೆ ಬೇಡವಿತ್ತು ಅನ್ನಲು ನಮಗೆ ಬಾಯಿ ಬರುವುದಿಲ್ಲ. ನಮ್ಮ ಮುಖದ ಮೇಲೆ ಸಿಡುಬಿನ ಕಲೆಯಿಲ್ಲ.

ನಮ್ಮ ಕಡೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದು ಜೀವ ಕಳಕೊಂಡವರೂ ಉಂಟು. ಈ ಕಷಾಯದಲ್ಲಿ ನಮಗೆ ಒಂದು ಸಂಗತಿ ಹಿಡಿಸುತ್ತದೆ. ತಂದವನೂ ಕುಡಿಯುತ್ತಾನೆ, ಅವನ ಹೆಂಡತಿ ಮಕ್ಕಳೂ ಕುಡಿಯುತ್ತಾರೆ. ಹಾಫ್‌ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆಯನ್ನು 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ದೊಡ್ಡ ಮನುಷ್ಯ. ಆದರೆ ಅವನ ನಂತರದ ಸರದಿ ಬೈಕಲಾ ಜೈಲಿನ ಕೈದಿಗಳದು. ಅವರೂ ಸ್ವಇಚ್ಛೆಯಿಂದಲೇ ಮುಂದೆ ಬಂದರು ಅಂತ ದಾಖಲೆ ಹೇಳುತ್ತದೆ. ಜೈಲಿನೊಳಗಿನ ಸ್ವಇಚ್ಛೆ!

ಸುಳ್ಳಾಗಲು ಒಪ್ಪದ ಪ್ರಯೋಗ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರನ್ನೇ ನೋಡಿ. ಹಳೆಯ ಔಷಧಿಯ ಅಗ್ಗದ ನಕಲು ತಯಾರಿಸಿದಾಗ, ಅದು ಮೂಲದಷ್ಟೇ ರಕ್ತಕ್ಕೆ ಸೇರುತ್ತದೆಯೇ ಅಂತ ತಿಳಿಯಲು ಆರೋಗ್ಯವಂತರಿಗೆ ಅದನ್ನು ತಿನ್ನಿಸಿ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ದುಡ್ಡು ಕೊಡುತ್ತಾರೆ. ಕೆಲಸ ಸಿಗದ ಹುಡುಗರು ಹೋಗುತ್ತಾರೆ. ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರಿನಲ್ಲಿ ಇಂಥ ಪ್ರಯೋಗಗಳ ರಕ್ತದ ಮಾದರಿಗಳನ್ನೇ ಅದಲುಬದಲು ಮಾಡಿದ್ದಾರೆ ಎಂದು 2016ರಲ್ಲಿ ಅಮೆರಿಕದ ಔಷಧ ಇಲಾಖೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿ, ಅಲ್ಲಿನ ಅಧ್ಯಯನಗಳನ್ನು ನೆಚ್ಚಲಾಗದು ಎಂದವು. ಬೇಕಾದ ಉತ್ತರ ಬರಲಿಕ್ಕೆ ಒಬ್ಬರ ರಕ್ತವನ್ನು ಇನ್ನೊಬ್ಬರ ಹೆಸರಲ್ಲಿ ಇಟ್ಟಾಗ, ಆ ಹುಡುಗರ ಕೈಗೆ ಚುಚ್ಚಿದ ಸೂಜಿ ಯಾತಕ್ಕೆ ಚುಚ್ಚಿದ್ದು? ಆ ಮೈಗಳು ಹೊತ್ತ ಅಪಾಯದಿಂದ ಯಾವ ಜ್ಞಾನವೂ ಹುಟ್ಟಲಿಲ್ಲ. ಕಾಗದದಲ್ಲಿ ಸಹಿ ಸರಿಯಾಗಿಯೇ ಇದ್ದಿರಬಹುದು. ಅಂಥ ಪ್ರಯೋಗವನ್ನು ಅಜಲು ಅನ್ನದೆ ಇನ್ನೇನು ಅನ್ನಬೇಕು.

ಇನ್ನು ನಮಗೇ ತಾಗುವ ಮಾತು. ಇಲ್ಲಿಯವರೆಗೆ ಯಾರ್ಯಾರದೋ ಮೇಲೆ ಬೊಟ್ಟು ಮಾಡಿ ಹೇಳಿದ್ದಾಯಿತು.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹುಡುಗಿಯರಿಗೆ ಹಾಕಿದರು. ಮುಂದೆ ನಿಂತದ್ದು ಪಾತ್ ಎಂಬ ಅಮೆರಿಕನ್ ಸಂಸ್ಥೆ, ಜೊತೆಗೆ ನಮ್ಮದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಖಮ್ಮಮ್ಮಿನಲ್ಲಿ ಬಹಳ ಮಕ್ಕಳು ಆದಿವಾಸಿ ಹಾಸ್ಟೆಲುಗಳವರು. ಎರಡೂ ಕಡೆ ಸೇರಿ ಏಳು ಹುಡುಗಿಯರು ಸತ್ತರು, 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂಬಂತೆ ವಿಚಾರಣಾ ಸಮಿತಿ ಹೇಳಿತು. ಲಸಿಕೆಯೂ ಕೆಟ್ಟದ್ದಲ್ಲ, ಬಹಳ ದೇಶಗಳಲ್ಲಿ ಹೆಂಗಸರ ಜೀವ ಉಳಿಸುತ್ತಿದೆ. ನಮ್ಮ ಜಗಳ ಅದರ ಜೊತೆಯಲ್ಲ. 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು. 2,763ರಲ್ಲಿ ಸಹಿ ಹಾಕಿದ್ದು ತಂದೆ ತಾಯಿ ಅಲ್ಲ. ಹಾಸ್ಟೆಲ್ ವಾರ್ಡನ್.

ಹಾಸ್ಟೆಲಿನ ಅನ್ನ ಉಂಡು ಓದಿದ ನಮಗೆ ಈ ಲೆಕ್ಕ ಓದಿದಾಗ ಗಂಟಲಲ್ಲಿ ತುತ್ತು ನಿಂತ ಹಾಗಾಯಿತು. ವಾರ್ಡನ್ ಅಂದರೆ ಯಾರು? ನಮ್ಮ ಸೀನಿಯರು. ನಮ್ಮ ಹಾಗೆ ಮೊದಲ ಸಲ ಕಾಲೇಜು ಹತ್ತಿ, ಕಷ್ಟಪಟ್ಟು ಒಂದು ಸರ್ಕಾರಿ ನೌಕರಿ ಹಿಡಿದವರು. ನಾಳೆ ನಮ್ಮಲ್ಲೇ ಒಬ್ಬರು. ಮೇಲಿನಿಂದ ಆರ್ಡರು ಬಂತು, ಮಕ್ಕಳಿಗೆ ಒಳ್ಳೆಯದಂತೆ, ಸಂಜೆಯೊಳಗೆ ಫಾರಂ ಹೋಗಬೇಕಂತೆ. ಸಹಿ ಹಾಕಿದರು. ಆ ಸಹಿ ಹಾಕುವಾಗ ‘ಬೇಡ’ ಅಂದಿದ್ದರೆ ಏನಾಗುತ್ತಿತ್ತು ಅಂತ ಅವರೂ ಒಂದು ಕ್ಷಣ ಯೋಚಿಸಿರಬಹುದು. ವರ್ಗಾವಣೆ ಆಗುತ್ತಿತ್ತು. ವಿದ್ಯೆ ನಮಗೆ ಕೊಟ್ಟದ್ದು ಪೆನ್ನು. ಆ ಪೆನ್ನು ಯಾರ ಹೆಬ್ಬೆರಳಿನ ಬದಲು ಓಡುತ್ತಿದೆ?

ಅಮೆರಿಕದ ಅಲಬಾಮದಲ್ಲಿ ಟಸ್ಕೆಗೀ ಎಂಬ ಊರು. 1932ರಿಂದ 1972ರವರೆಗೆ, ಮೇಹರೋಗ ಅಂದರೆ ಸಿಫಿಲಿಸ್ ಇದ್ದ 399 ಬಡ ಕರಿಯರನ್ನು ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತಿತು. ನಿಮಗೆ ‘ಕೆಟ್ಟ ರಕ್ತ’ ಅಂತ ಹೇಳಿ, ಬಿಸಿ ಊಟ ಹಾಕಿ, ಹೆಣ ಹೂಳುವ ಖರ್ಚು ಕೊಡುತ್ತೇವೆ ಅಂತ ಆಸೆ ತೋರಿಸಿ. ಪೆನಿಸಿಲಿನ್ ಬಂದು ಅದೇ ರೋಗ ಎಲ್ಲರಿಗೂ ವಾಸಿಯಾಗುತ್ತಿದ್ದಾಗಲೂ ಇವರಿಗೆ ಕೊಡಲಿಲ್ಲ. ಅದು ಬಯಲಾದ 1972ರಲ್ಲೇ ಮುಂಬಯಿಯಲ್ಲಿ ನಮ್ಮ ಹುಡುಗರು ಅಮೆರಿಕದ ಕರಿಯರ ಬ್ಲಾಕ್ ಪ್ಯಾಂಥರ್ ಹೆಸರು ನೋಡಿ ದಲಿತ ಪ್ಯಾಂಥರ್ ಕಟ್ಟಿದರು. ಟಸ್ಕೆಗೀಯ ಆ ಬಡವರನ್ನು ಹಳ್ಳಿಹಳ್ಳಿಯಿಂದ ಕಾರಿನಲ್ಲಿ ಕರೆತಂದು, ಪ್ರೀತಿಯಿಂದ ಮಾತಾಡಿಸಿ, ಅವರು ಬಿಟ್ಟುಹೋಗದ ಹಾಗೆ ವರ್ಷಾನುಗಟ್ಟಲೆ ನೋಡಿಕೊಂಡದ್ದು ಯೂನಿಸ್ ರಿವರ್ಸ್ ಎಂಬ ನರ್ಸು. ಆಕೆಯೂ ಕರಿಯಳು. ಓದಿದ ಹೆಣ್ಣುಮಗಳು. ಆಕೆ ಕೆಟ್ಟವಳು ಅಂತ ನಮಗನ್ನಿಸುವುದಿಲ್ಲ. ಕೆಟ್ಟವಳಾಗಿದ್ದರೆ ನಮಗೆ ಭಯ ಇಷ್ಟು ಇರುತ್ತಿರಲಿಲ್ಲ.

ಮಣಿಪಾಲದ ಗುಡ್ಡೆಯ ಮೇಲೆ ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು ಮಾಡಿದರು. ದೇಶದ ಮೊದಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು. ಈ ಕರಾವಳಿಯಲ್ಲಿ ಆಸ್ಪತ್ರೆಗಳಿಂದ ಬದುಕಿ ಬಂದವರು ನಮ್ಮ ಕೇರಿಯಲ್ಲೂ ಬಹಳ ಜನ ಇದ್ದಾರೆ, ಅದನ್ನು ಮರೆತು ಮಾತಾಡಿದರೆ ಕೃತಘ್ನತೆ. ನಮ್ಮ ಹಿರಿಯರ ಕೈಗೆ ಕಾಗದ ಕೊಟ್ಟ ಆಸ್ಪತ್ರೆ, ಅದು ಯಾವುದೇ ಇರಲಿ, ಮನೆಗೆ ಒಯ್ದು ಓದಿಸಿ ಅಂದದ್ದೂ ಸಣ್ಣ ಸಂಗತಿಯಲ್ಲ. ಇದರ ಹಿಂದೆ ಹೋರಾಟ ಇದೆ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ನಿಯಮ ಬಿಗಿಯಾದವು, 2019ರ ಮಾರ್ಚಿನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಬಂದವು. ದುರ್ಬಲರನ್ನು ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿ ಇಡಬೇಕು. ಪ್ರಯೋಗದಿಂದ ಸತ್ತರೆ ಪರಿಹಾರಕ್ಕೆ ಒಂದು ಸೂತ್ರ ಇದೆ. 8 ಲಕ್ಷವನ್ನು ವಯಸ್ಸಿನ ಅಂಕಿಯಿಂದಲೂ ಅಪಾಯದ ಅಂಕಿಯಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ಜೀವಕ್ಕೆ ಬೆಲೆ ಕಟ್ಟುವ ಲೆಕ್ಕ ನೋಡಿ ಮೊದಲು ಮೈ ಉರಿಯಿತು. ಆಮೇಲೆ ಕೂತು ನೋಡಿದರೆ ಆ ಸೂತ್ರ ವಯಸ್ಸು ಕೇಳುತ್ತದೆ, ಸಂಬಳ ಕೇಳುವುದಿಲ್ಲ. ಧಣಿಯ ಮಗನೂ ಕೋರೆಯ ಕೂಲಿಯೂ ಒಂದೇ ವಯಸ್ಸಿನವರಾದರೆ, ಅಪಾಯವೂ ಒಂದೇ ಆದರೆ, ಒಂದೇ ಮೊತ್ತ. ಈ ದೇಶದ ಕಾಗದಗಳಲ್ಲಿ ಇದು ಅಪರೂಪ.

ಅದೇ ನಿಯಮದಲ್ಲಿ ಪ್ರತಿ ಪ್ರಯೋಗವನ್ನೂ ಒಂದು ನೈತಿಕ ಸಮಿತಿ ಒಪ್ಪಬೇಕು, ಅದರಲ್ಲಿ ಅರ್ಧದಷ್ಟಾದರೂ ಹೊರಗಿನವರಿರಬೇಕು, ಒಬ್ಬರು ಜನಸಾಮಾನ್ಯರಿರಬೇಕು ಅಂತ ಇದೆ. ಆ ಜನಸಾಮಾನ್ಯರ ಕುರ್ಚಿಯಲ್ಲಿ ಒಬ್ಬ ಕೊರಗರು, ಅಥವಾ ಹಿಂದೆ ಪ್ರಯೋಗಕ್ಕೆ ಮೈ ಕೊಟ್ಟ ಒಬ್ಬ ಹೆಂಗಸು, ಯಾಕೆ ಕೂರಬಾರದು? ಕೂತರೆ ಮೊದಲು ಆ ಹನ್ನೊಂದು ಪುಟದ ಕನ್ನಡ ಸರಿಹೋದೀತು. ಈ ಪತ್ರಿಕೆ ಓದುವ ಗೆಳೆಯರು ಉಡುಪಿ, ಕಾರ್ಕಳಗಳಲ್ಲಿ ಇದನ್ನು ಕೇಳಬೇಕು. ಅರ್ಜಿ ಬರೆಯಲು ನಾವು ತಯಾರಿದ್ದೇವೆ.

ಅವರು ಕೂತರೆ ಪ್ರಶ್ನೆಗಳೂ ಬದಲಾಗಬಹುದು. 2024ರಲ್ಲಿ ಒಂದು ಸುದ್ದಿ ಹೊರಬಿತ್ತು. ಮಂಗಳೂರಿನ ವಿಶ್ವವಿದ್ಯಾನಿಲಯಗಳವರೂ ಹೊರದೇಶದವರೂ ಸೇರಿದ ತಂಡ ಕೊರಗರ ವಂಶವಾಹಿ ಪರೀಕ್ಷಿಸಿ, ಅದರಲ್ಲಿ ಸುಮಾರು 4,400 ವರ್ಷ ಹಳೆಯದಾದ, ದ್ರಾವಿಡ ನುಡಿಗಳ ಮೂಲಕ್ಕೆ ಹೊಂದುವ ಒಂದು ಎಳೆ ಇದೆ ಅಂದಿತು. ಓದಿ ನಮಗೆ ಹೆಮ್ಮೆಯೇ ಆಯಿತು. ಅಂಗಳದಾಚೆ ನಿಲ್ಲಿಸಿದವರ ರಕ್ತ ಅಂಗಳದೊಳಗಿನವರ ಪುರಾಣಕ್ಕಿಂತ ಹಳೆಯದು! ಆ ಸಂಶೋಧಕರು ತಪ್ಪು ಮಾಡಿದರು ಅಂತ ನಾವು ಹೇಳುತ್ತಿಲ್ಲ. ಆದರೆ ಜನಗಣತಿಯಲ್ಲಿ 2001ಕ್ಕೆ 16 ಸಾವಿರದಷ್ಟಿದ್ದ ಕರ್ನಾಟಕದ ಕೊರಗರು 2011ಕ್ಕೆ 15 ಸಾವಿರಕ್ಕಿಂತ ಕೆಳಗೆ ಬಂದಿದ್ದಾರೆ. ಎಲ್ಲರೂ ಹೆಚ್ಚುತ್ತಿರುವ ದೇಶದಲ್ಲಿ ಇವರು ಕಮ್ಮಿಯಾಗುತ್ತಿದ್ದಾರೆ. ನಿಮ್ಮ ರಕ್ತದಲ್ಲಿ ಏನು ಹುಡುಕೋಣ ಅಂತ ಕೊರಗರನ್ನೇ ಕೇಳಿದ್ದರೆ ಅವರು 4,400 ವರ್ಷ ಹಿಂದಿನದ್ದನ್ನು ಕೇಳುತ್ತಿದ್ದರೋ, ನಮ್ಮ ಮಕ್ಕಳು ಯಾಕೆ ಉಳಿಯುತ್ತಿಲ್ಲ ಅಂತ ಕೇಳುತ್ತಿದ್ದರೋ?

ನಮ್ಮ ಹಿರಿಯರ ವಿಷಯ ಅರ್ಧಕ್ಕೇ ಬಿಟ್ಟೆವು. ಕೊನೆಗೆ ಅವರು ‘ನೀವಾದರೆ ಸಹಿ ಹಾಕುತ್ತಿದ್ದಿರಾ?’ ಅಂತ ನಮ್ಮನ್ನೇ ಕೇಳಿದರು. ನಮ್ಮಲ್ಲಿ ಒಬ್ಬ ಹೌದು ಅಂದ, ಒಬ್ಬ ಇಲ್ಲ ಅಂದ. ಅವರು ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಮುಂದಿನ ತಿಂಗಳು ಅವರ ಜೊತೆ ನಾವೂ ಹೋದೆವು. ಡಾಕ್ಟರು ನಮಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಹಿರಿಯರು ಎದ್ದುನಿಂತು, ಆ ವಯಸ್ಸಿನಲ್ಲೂ ಕೈಕಟ್ಟಿಕೊಂಡು, ‘ಬೊಡ್ಚಿ’ ಅಂದರು. ಡಾಕ್ಟರು ತಲೆಯೆತ್ತಿ ನೋಡಿ, ‘ಆಯ್ತು, ಕೂತ್ಕೊಳ್ಳಿ’ ಅಂತ ಹೇಳಿ ಎಂದಿನಂತೆ ರಕ್ತದೊತ್ತಡ ನೋಡಿದರು. ಅದೇ ಸಾಲು, ಅದೇ ಕಿಟಕಿ, ಅದೇ ಮಾತ್ರೆ ಕೊಟ್ಟರು.

ಮನೆಗೆ ಬಂದು ಅವರು ಪಟ್ಟಿಗಳನ್ನು ಜಗಲಿಯ ಮೇಲೆ ಹರಡಿ ಎಣಿಸಿದರು. ಹಿಂದಿನ ತಿಂಗಳಷ್ಟೇ ಇದ್ದವು. ಈಗಲೂ ಪ್ರತಿ ತಿಂಗಳು ಎಣಿಸುತ್ತಾರೆ.